ನಾರ್ಬರ್ಟನ ಗುಲಾಬಿ ಪಾವಲಿಗಳು

ನಾರ್ಬರ್ಟ್ ವ್ಲಾಸಕ್ ಕೈ ಹಾಕಿದ ಕೆಲಸ ಇನ್ನೂ ಕೆಟ್ಟಿಲ್ಲ ಎಂದರೆ ಅವನು ಅದನ್ನು ಮುಗಿಸಿಲ್ಲ ಎಂದು ನಮ್ಮ ಊರಿನಲ್ಲಿ ಅರ್ಥ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಲೈಲ್ಯಾಕ್ ಪೊದೆ ಮಾತ್ರ. ಅದು ಕೂಡ ಅವನು ಒಮ್ಮೆ ಪ್ರೀತಿಯಿಂದ ಗೊಬ್ಬರ ಹಾಕಿದ ಮೇಲೆ ಅರ್ಧ ಒಣಗಿದೆ. ಹಾಗಾಗಿ ಅವನ ಮನೆಯ ಸದ್ದು, ವಾಸನೆ, ಜಗಳ ಎಲ್ಲವೂ ನನಗೆ ತಿಳಿದಿರುತ್ತದೆ. ತಿಳಿಯದಿದ್ದರೆ ಕಿಟಕಿ ತೆಗೆದು ತಿಳಿದುಕೊಳ್ಳುತ್ತೇನೆ.

ನಮ್ಮದು ಮಿಶಿಗನ್ ಸರೋವರದ ದಂಡೆಯ ಊರು, ಹೆರಿಂಗ್ ಪಾಯಿಂಟ್. ಬೇಸಿಗೆಯಲ್ಲಿ ಮಿಲ್ವಾಕೀ ಕಡೆಯ ಜನ ಬಂದು ಮರಳಿನ ಮೇಲೆ ಬಿದ್ದುಕೊಳ್ಳುತ್ತಾರೆ. ಅವರ ಜೊತೆಗೆ ಅವರ ಜೇಬಿನ ಚಿಲ್ಲರೆಯೂ ಬಿದ್ದುಕೊಳ್ಳುತ್ತದೆ. ಅವರು ಎದ್ದು ಹೋಗುತ್ತಾರೆ, ಚಿಲ್ಲರೆ ಏಳುವುದಿಲ್ಲ. ನಾರ್ಬರ್ಟ್ ನಿವೃತ್ತನಾದ ದಿನ ಚೀಸ್ ಕಾರ್ಖಾನೆಯವರು ಗಡಿಯಾರದ ಬದಲು ಅವನಿಗೆ ಲೋಹ ಹುಡುಕುವ ಕೋಲೊಂದನ್ನು ಕೊಟ್ಟರು. ಅಂದಿನಿಂದ ಬೆಳಗಾದರೆ ಸಾಕು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಸರೋವರವನ್ನೇ ಗುಡಿಸಲು ಹೊರಟವನ ಹಾಗೆ ಅವನು ದಂಡೆಯ ಉದ್ದಕ್ಕೂ ಕೋಲು ಆಡಿಸತೊಡಗಿದ.

ಸಿಕ್ಕಿದ್ದು ಬಿಯರ್ ಡಬ್ಬಿಯ ಕಿವಿ, ಮೀನಿನ ಗಾಳ ಮತ್ತು ನಾಣ್ಯ. ನಾಣ್ಯ ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ. ಕಾಲು ಡಾಲರಿನ ಪಾವಲಿಯಾಗಲಿ, ಒಂದು ಸೆಂಟಿನ ತಾಮ್ರದ ಕಾಸಾಗಲಿ, ಎಲ್ಲಕ್ಕೂ ಕಿಲುಬು ಹತ್ತಿ, ಮರಳು ಮೆತ್ತಿ, ಒಂದೊಂದೂ ಸೀದ ಬಿಸ್ಕತ್ತಿನಂತಿತ್ತು. ಬ್ಯಾಂಕಿಗೆ ಒಯ್ದರೆ ಅಲ್ಲಿಯ ಹುಡುಗಿ ಒಂದನ್ನು ಎರಡು ಬೆರಳಲ್ಲಿ ಹಿಡಿದು, "ವ್ಲಾಸಕ್ ಅವ್ರೇ, ಇದನ್ನ ತೊಳ್ಕೊಂಡು ಬನ್ನಿ. ಹಾಗೇ ನೀವೂ ಕೈ ತೊಳ್ಕೊಳ್ಳಿ" ಎಂದಳು.

ಬೇರೆಯವರಾಗಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೂರುತ್ತಿದ್ದರು. ನಾರ್ಬರ್ಟ್ ಯಾರೋ ಗ್ಯಾರೇಜಿನಲ್ಲಿ ಹರಡಿ ಮಾರುತ್ತಿದ್ದ ಹಳೆಯ ಸಾಮಾನಿನಲ್ಲಿ ಹುಡುಕಿ ಒಂದು ಟಂಬ್ಲರ್ ತಂದ. ನೀರು ಕುಡಿಯುವ ಟಂಬ್ಲರ್ ಅಲ್ಲ, ಕಲ್ಲು ಉರುಳಿಸುವ ಯಂತ್ರ. ಒಂದು ರಬ್ಬರ್ ಪೀಪಾಯಿ, ಅದನ್ನು ತಿರುಗಿಸಲು ಒಂದು ಗೊರಗೊರ ಮೋಟಾರು. ಒಳಗೆ ಒರಟು ಕಲ್ಲು ಹಾಕಿ ದಿನಗಟ್ಟಲೆ ಉರುಳಿಸಿದರೆ ಮಣಿಯ ಹಾಗೆ ನಯವಾಗಿ ಬರುತ್ತದಂತೆ. ಕಲ್ಲೇ ನಯವಾಗುವುದಾದರೆ ನಾಣ್ಯಕ್ಕೇನು ರೋಗ ಎಂಬುದು ನಾರ್ಬರ್ಟನ ತರ್ಕ. ತರ್ಕ ಸರಿಯಾಗಿಯೇ ಇತ್ತು. ಅವನ ತರ್ಕಗಳೆಲ್ಲ ಸರಿಯಾಗಿಯೇ ಇರುತ್ತವೆ.

ಇಷ್ಟನ್ನು ಅವನು ಸದ್ದಿಲ್ಲದೆ ಮಾಡಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನು ಶುಕ್ರವಾರ ಸಂಜೆ ರೋಲಿಯ ಹೆಂಡದಂಗಡಿಯಲ್ಲಿ ಬಾಯಿಬಿಟ್ಟ.

ಶುಕ್ರವಾರ ಸಂಜೆ ನಮ್ಮೂರಿನ ಅರ್ಧ ಜನ ರೋಲಿಯ ಅಂಗಡಿಯಲ್ಲಿ ಕರಿದ ಮೀನು ತಿನ್ನುತ್ತಿರುತ್ತಾರೆ, ಉಳಿದರ್ಧ ಮೇಜು ಖಾಲಿಯಾಗಲಿ ಎಂದು ಬ್ರ್ಯಾಂಡಿ ಹಿಡಿದು ಕಾಯುತ್ತಿರುತ್ತಾರೆ. ರೋಲಿ ಮೀನು ಕರಿಯುತ್ತಾನೆ, ಅವನ ತಂಗಿ ಡಾರ್ಲಾ ಬಡಿಸುತ್ತಾಳೆ. ಮೂಲೆಯಲ್ಲಿ, ಬಚ್ಚಲಿಗೆ ಹೋಗುವ ಓಣಿಯ ಬಾಯಲ್ಲಿ, ಪಾವಲಿ ಹಾಕಿದರೆ ಹಾಡುವ ಹಳೆಯ ಪೆಟ್ಟಿಗೆ.

ಆ ಪೆಟ್ಟಿಗೆಯಲ್ಲಿ ನಾರ್ಬರ್ಟನ ಹೆಂಡತಿ ಲವರ್ನಳ ಅಪ್ಪ ಇದ್ದ. ಅಂದರೆ ಅವನ ಹಾಡು ಇತ್ತು. ಎಮಿಲ್ ಮುದುಕ ಬದುಕಿದ್ದಾಗ ಕನ್ಸರ್ಟಿನಾ ಎಂಬ ತಿದಿವಾದ್ಯ ಬಾರಿಸುತ್ತಿದ್ದ, ಪೋಲ್ಕಾ ಕುಣಿತಕ್ಕೆ ನುಡಿಸುವ ನಾಲ್ಕು ಜನರ ತಂಡ ಕಟ್ಟಿದ್ದ, ಸ್ವಂತ ಖರ್ಚಿನಲ್ಲಿ ಒಂದೇ ಒಂದು ಪುಟ್ಟ ರೆಕಾರ್ಡ್ ಮಾಡಿಸಿದ್ದ. ಮನೆಯಲ್ಲಿದ್ದ ಪ್ರತಿಗಳೆಲ್ಲ ಒಂದು ವಸಂತದಲ್ಲಿ ನೆಲಮಾಳಿಗೆಗೆ ನೀರು ನುಗ್ಗಿ ಹಪ್ಪಳವಾದವು. ಉಳಿದದ್ದು ಪೆಟ್ಟಿಗೆಯೊಳಗಿನದು ಒಂದೇ. ಹಾಡು ಶುರುವಾಗುವ ಮೊದಲು ಎಮಿಲ್, "ಏಳ್ರೋ ಸೋಂಬೇರಿಗಳಾ!" ಎಂದು ಕೂಗುತ್ತಾನೆ. ಪ್ರತಿ ಶುಕ್ರವಾರ ಮೀನು ಮುಗಿದ ಮೇಲೆ ಲವರ್ನ್ ಒಂದು ಪಾವಲಿ ಹಾಕಿ, ಆ ಕೂಗು ಕೇಳಿ, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾಳೆ. ಅಪ್ಪನ ಸಮಾಧಿಗಿಂತ ಅವಳಿಗೆ ಆ ಪೆಟ್ಟಿಗೆಯೇ ಹತ್ತಿರ.

ನಾರ್ಬರ್ಟ್ ಬಾಯಿಬಿಟ್ಟ ಆ ಸಂಜೆ ಪೆಟ್ಟಿಗೆಯ ಕಂಪನಿಯಿಂದ ಡ್ವೇನ್ ಬಂದಿದ್ದ. ಅಂಗಿಯ ಮೇಲೆ ಹೆಸರು ಹೊಲಿಸಿಕೊಂಡ, ಪ್ಯಾಂಟಿನ ಗೆರೆ ಮುರಿಯದ, ನಗುವುದಕ್ಕೂ ಕಂಪನಿಯ ಅನುಮತಿ ಬೇಕು ಎಂಬಂತಿದ್ದ ಮನುಷ್ಯ. ಅವನು ವಾರಕ್ಕೊಮ್ಮೆ ಬಂದು ಪೆಟ್ಟಿಗೆಯ ಹೊಟ್ಟೆ ತೆರೆದು, ಬಿದ್ದ ದುಡ್ಡಿನಲ್ಲಿ ಅರ್ಧ ರೋಲಿಗೆ ಕೊಟ್ಟು ಅರ್ಧ ಒಯ್ಯುತ್ತಾನೆ.

"ಇದು ದುಡೀತಿಲ್ಲ ರೋಲಿ," ಎಂದ ಡ್ವೇನ್. "ಈ ತಿಂಗಳು ಹೀಗೇ ಇದ್ರೆ ಎತ್ಕೊಂಡು ಹೋಗ್ಬೇಕಾಗತ್ತೆ. ಮಿಲ್ವಾಕೀಲಿ ಯಾರೋ ಶೋಕಿವಾಲ ಹಾಡಿನ ಸಮೇತ ಕೊಳ್ತೀನಿ ಅಂತಿದಾನೆ."

ಲವರ್ನ್ ಮುಳ್ಳುಚಮಚ ಕೆಳಗಿಟ್ಟಳು. "ಒಂದು ರೆಕಾರ್ಡ್ ಮಾತ್ರ ನಂಗೆ ಮಾರಿ. ಎಷ್ಟಾದ್ರೂ ಕೊಡ್ತೀನಿ."

"ಬಿಡಿಯಾಗಿ ಮಾರೋ ಹಾಗಿಲ್ಲಮ್ಮ. ರೂಲ್ ಅಂದ್ರೆ ರೂಲ್."

ಮೇಜು ತಣ್ಣಗಾಯಿತು. ಇಂಥ ಹೊತ್ತಿನಲ್ಲಿ ಹೆಂಡತಿಯ ಕೈ ಹಿಡಿಯಬೇಕು. ನಾರ್ಬರ್ಟ್ ಮಾತು ಬದಲಿಸಲು ಹೋಗಿ ಟಂಬ್ಲರ್ ವಿಷಯ ಎತ್ತಿದ.

"ನೋಡ್ತಿರಿ," ಎಂದ ಇಡೀ ಅಂಗಡಿಗೆ ಕೇಳುವಂತೆ. "ದಂಡೇಲಿ ಸಿಕ್ಕ ಪಾವಲಿ ಅಷ್ಟೂ ಟಂಕಸಾಲೆಯಿಂದ ಈಗ ತಾನೇ ಬಂದ ಹಾಗೆ ಮಾಡ್ತೀನಿ. ಮುಂದಿನ ಶುಕ್ರವಾರ ಇದೇ ಮೇಜಿನ ಮೇಲೆ ಸುರೀತೀನಿ. ಎಲ್ರೂ ಕಪ್ಪು ಕನ್ನಡಕ ತಂದ್ಕೊಳ್ಳಿ, ಇಲ್ದಿದ್ರೆ ಕಣ್ಣು ಹೋದೀತು!"

"ಕಣ್ಣು ಹೋಗ್ಲಿ ಬಿಡೋ, ನಿನ್ನ ಮನೆ ಫ್ಯೂಸ್ ಹೋಗ್ದೇ ಇದ್ರೆ ಸಾಕು," ಎಂದಳು ಡಾರ್ಲಾ.

ಮರುದಿನ ನೆಲಮಾಳಿಗೆಯಲ್ಲಿ ಗೊರಗೊರ ಶುರುವಾಯಿತು. ಅಕ್ವೇರಿಯಂ ಹರಳು, ನೀರು, ಪಾತ್ರೆ ತೊಳೆಯುವ ಸೋಪು, ಒಂದು ಹಿಡಿ ಉಪ್ಪು, ಧಾರಾಳವಾಗಿ ವಿನಿಗರ್. ನಾಣ್ಯಗಳನ್ನು ಬಾಚಿ ಬಾಚಿ ಹಾಕುತ್ತಿದ್ದಾಗ ಬಟ್ಟೆ ಒಗೆಯಲು ಇಳಿದ ಲವರ್ನ್ ಒಂದು ಮಾತು ಹೇಳಿದಳಂತೆ. "ಬಿಳೀದು ಬೇರೆ, ಬಣ್ಣದ್ದು ಬೇರೆ ಹಾಕ್ಬೇಕು ಕಣೋ."

"ಇದು ಬಟ್ಟೆ ಅಲ್ಲ ಕಣೇ, ಲೋಹ! ಲೋಹ ಬಣ್ಣ ಬಿಡತ್ತಾ?"

ಬಿಡುತ್ತದೆ. ದಂಡೆಯಲ್ಲಿ ನಾಣ್ಯ ಹೆಕ್ಕುವ ಯಾವನನ್ನು ಕೇಳಿದರೂ ಮೊದಲು ಹೇಳುವ ಮಾತೇ ಅದು. ತಾಮ್ರದ ಕಾಸನ್ನೂ ಬಿಳಿ ಪಾವಲಿಯನ್ನೂ ಒಂದೇ ಹುಳಿನೀರಿನಲ್ಲಿ ಉರುಳಿಸಬಾರದು, ತಾಮ್ರ ಕರಗಿ ಹೋಗಿ ಬಿಳಿಯದಕ್ಕೆ ಹತ್ತುತ್ತದೆ. ನಾರ್ಬರ್ಟ್ ಯಾವನನ್ನೂ ಕೇಳಿರಲಿಲ್ಲ. ಕೆಲವು ದಿನದ ಮೇಲೆ ಪೀಪಾಯಿ ತೆರೆದು ತೊಳೆದು ನೋಡಿದರೆ ಕಿಲುಬು ಹೋಗಿತ್ತು, ಕೊಳೆ ಹೋಗಿತ್ತು, ಪ್ರತಿಯೊಂದು ಪಾವಲಿಯೂ ಮದುವೆ ಹೆಣ್ಣಿನ ಕೆನ್ನೆಯ ಹಾಗೆ ಗುಲಾಬಿಯಾಗಿತ್ತು. ಅವನು ಹೆದರಿ ಇನ್ನಷ್ಟು ವಿನಿಗರ್ ಸುರಿದು ಇನ್ನೊಂದು ಸುತ್ತು ಉರುಳಿಸಿದ. ಗುಲಾಬಿ ಹೋಗಿ ಕೆಂಪಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುವುದು ಇದಕ್ಕೇ.

ಲವರ್ನ್ ನಕ್ಕ ನಗು ಲೈಲ್ಯಾಕ್ ಪೊದೆ ದಾಟಿ ನನ್ನ ಅಡಿಗೆಮನೆಗೆ ಬಂತು. ಯಾಕೆಂದು ಆಗ ನನಗೆ ಗೊತ್ತಾಗಲಿಲ್ಲ ಎಂಬುದು ನನ್ನ ಹೊಟ್ಟೆಯುರಿ. ನಾರ್ಬರ್ಟ್ ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದ. ಊರಿಗೆ ಹೇಳಬಾರದು, ಇವನ್ನು ಸರೋವರಕ್ಕೇ ವಾಪಸ್ ಎಸೆದುಬಿಡುತ್ತೇನೆ ಎಂದಿದ್ದ. ಲವರ್ನ್ ಹೇಳಲಿಲ್ಲ. ಅವನು ಎಸೆಯಲಿಲ್ಲ.

ಕೆಂಪು ಪಾವಲಿಯನ್ನು ಬ್ಯಾಂಕಿಗೆ ಒಯ್ದರೆ ಹುಡುಗಿ ನಗುತ್ತಾಳೆ, ದಿನಸಿ ಅಂಗಡಿಗೆ ಒಯ್ದರೆ ಊರೇ ನಗುತ್ತದೆ. ನೋಡದೆ, ನಗದೆ, ಕೇಳದೆ ಪಾವಲಿ ನುಂಗುವ ಬಾಯಿ ಊರಿನಲ್ಲಿ ಒಂದೇ ಇತ್ತು. ಅದು ದುಡಿಯುವುದಿಲ್ಲ ಎಂದು ಡ್ವೇನ್ ಎತ್ತಿಕೊಂಡು ಹೋಗಲಿದ್ದ ಪೆಟ್ಟಿಗೆಯೇ ಆಗಿತ್ತು. ಮರ್ಯಾದೆಯೂ ಉಳಿಯುತ್ತದೆ, ಮಾವನೂ ಉಳಿಯುತ್ತಾನೆ. ನಾರ್ಬರ್ಟ್ ದಿನವೂ ಬೆಳಿಗ್ಗೆ ರೋಲಿಯ ಅಂಗಡಿ ಖಾಲಿಯಿರುವಾಗ ಜೇಬು ಭಾರ ಮಾಡಿಕೊಂಡು ಹೋಗತೊಡಗಿದ. ಡಾರ್ಲಾ ಆಲೂಗಡ್ಡೆ ಸುಲಿಯುತ್ತಿರುತ್ತಿದ್ದಳು. ಇವನು ಬೆನ್ನು ಅಡ್ಡ ಹಿಡಿದು ಪೆಟ್ಟಿಗೆಗೆ ತಿನ್ನಿಸುತ್ತಿದ್ದ. ಜೇಬು ಹಗುರಾಗುವ ತನಕ ಪೋಲ್ಕಾ, ವಾಲ್ಟ್ಸ್, ಏನು ಬಂದರೆ ಅದು.

"ಏನೋ ನಾರ್ಬರ್ಟ್, ಮುದಿವಯಸ್ಸಲ್ಲಿ ಸಂಗೀತದ ಹುಚ್ಚು?"

"ವೈದ್ಯರು ಹೇಳಿದಾರೆ, ಕಿವಿಗೆ ಒಳ್ಳೇದಂತೆ."

ಇಲ್ಲಿ ಒಂದು ಪದ್ಧತಿ ಹೇಳಬೇಕು. ಅಂಗಡಿ ಸಪ್ಪಗಿರುವಾಗ ನಮ್ಮ ಕಡೆಯ ಹೆಂಡದಂಗಡಿಯವರು ಗಿರಾಕಿಗಳಿಗೆ ಹುರುಪು ಬರಲಿ ಎಂದು ತಮ್ಮದೇ ಪಾವಲಿ ಹಾಕಿ ಪೆಟ್ಟಿಗೆ ಹಾಡಿಸುತ್ತಾರೆ. ಆ ದುಡ್ಡು ಕಂಪನಿಯ ಪಾಲಾಗಬಾರದಲ್ಲ. ಅದಕ್ಕೆ ಆ ಪಾವಲಿಗಳಿಗೆ ಕೆಂಪು ಉಗುರುಬಣ್ಣ ಹಚ್ಚಿರುತ್ತಾರೆ. ಪೆಟ್ಟಿಗೆ ತೆರೆದವನು ಕೆಂಪನ್ನೆಲ್ಲ ಹೆಕ್ಕಿ, ಇದು ಮನೆಯದು ಎಂದು ಮಾಲೀಕನಿಗೆ ವಾಪಸ್ ಕೊಡುತ್ತಾನೆ. ಉಳಿದದ್ದು ಮಾತ್ರ ಗಳಿಕೆ. ಈ ಪದ್ಧತಿ ಊರಿನ ಮಕ್ಕಳಿಗೂ ಗೊತ್ತು. ಶುಕ್ರವಾರ ಬಂದರೂ ಮೀನಿನ ತಟ್ಟೆಯಿಂದ ತಲೆಯೆತ್ತದ ನಾರ್ಬರ್ಟನಿಗೆ ಗೊತ್ತಿರಲಿಲ್ಲ.

ಆ ವಾರ ಡ್ವೇನ್ ಪೆಟ್ಟಿಗೆ ತೆರೆದ. ಓಣಿಯ ಮಬ್ಬು ಬೆಳಕಿನಲ್ಲಿ ಕೆಂಪು ಕಂಡಿತು. ಕೆಂಪೋ, ಮನೆಯದು. ಎರಡು ಕೈಯಲ್ಲೂ ಬಾಚಿ ರೋಲಿಯ ಮುಂದೆ ಸುರಿದ. "ಇದೆಲ್ಲ ನಿಂದು. ಮಿಷಿನ್‌ದು ಏನೂ ಇಲ್ಲ ಅನ್ನೋ ಹಾಗಿದೆ. ಹೋದ ವಾರಕ್ಕಿಂತ ಕಡೆ."

ರೋಲಿ ತಂಗಿಯ ಮೇಲೆ ಎಗರಿಬಿದ್ದ. "ಎಷ್ಟು ಪಾವಲಿಗೆ ಬಣ್ಣ ಬಳ್ದಿದೀಯೆ? ಗಲ್ಲಾಪೆಟ್ಟಿಗೆಗೂ ಬಳಿದುಬಿಡ್ತೀಯಾ?"

"ನಾನಾ? ನನ್ನ ಉಗುರಿಗೇ ಬಣ್ಣ ಸಾಲ್ತಿಲ್ಲ! ನೀನೇ ಕುಡಿದ ಮತ್ತಲ್ಲಿ ಬಳಿದಿರ್ಬೇಕು!"

ಇಬ್ಬರೂ ಅಂದಿನಿಂದ ಮಾತು ಬಿಟ್ಟರು. ಮೀನಿನ ಆರ್ಡರನ್ನು ಗಿರಾಕಿಗಳೇ ಅಡಿಗೆಮನೆಗೆ ಕೂಗಿ ಹೇಳಬೇಕಾಯಿತು. ಕೆಂಪು ಪಾವಲಿಗಳನ್ನು ರೋಲಿ ಐಸ್‌ಕ್ರೀಮಿನ ಖಾಲಿ ಬಕೆಟ್ಟಿಗೆ ತುಂಬಿಟ್ಟ. ಹೇಗೂ ಮನೆಯದೇ ತಾನೇ ಎಂದು ಶುಕ್ರವಾರದ ಗಲಾಟೆ ಬಿಟ್ಟು ಉಳಿದ ದಿನ ಬಂದವರಿಗೆಲ್ಲ ಹಿಡಿ ಹಿಡಿ ಕೊಟ್ಟು, "ಹಾಡು ಹಾಕ್ಕೊಳ್ರಪ್ಪ, ನನ್ನ ಲೆಕ್ಕ" ಎಂದ. ಬಿಟ್ಟಿ ಸಿಕ್ಕಾಗ ಸ್ವಂತ ಪಾವಲಿ ಯಾರು ಹಾಕುತ್ತಾರೆ? ನಾನಂತೂ ಹಾಕಲಿಲ್ಲ. ಹೀಗೆ ನಾರ್ಬರ್ಟ್ ಎಷ್ಟು ತಿನ್ನಿಸಿದನೋ ಪೆಟ್ಟಿಗೆ ಅಷ್ಟು ಸೊರಗಿತು. ಸೊರಗಿದಷ್ಟೂ ಡ್ವೇನನ ಮುಖ ಉದ್ದವಾಯಿತು. ಮುಖ ಉದ್ದವಾದಷ್ಟೂ ನಾರ್ಬರ್ಟ್ ಇನ್ನಷ್ಟು ನಾಣ್ಯ ಹೆಕ್ಕಿ, ಇನ್ನಷ್ಟು ಉರುಳಿಸಿ, ಇನ್ನಷ್ಟು ಕೆಂಪು ಮಾಡಿ ತಂದು ಸುರಿದ.

"ಏನಯ್ಯಾ ಕಪ್ಪು ಕನ್ನಡಕ? ತಂದು ತಂದು ಸಾಕಾಯ್ತು," ಎಂದು ಶುಕ್ರವಾರ ನಾನು ಕೇಳಿದರೆ, "ಹೊಳಪು ಇನ್ನೂ ಮಾಗ್ತಾ ಇದೆ" ಎನ್ನುತ್ತಿದ್ದ. ಹೊಳಪೇನು ಮಾವಿನಹಣ್ಣೇ?

ಕಡೆಗೆ ರೋಲಿಗೆ ನಾರ್ಬರ್ಟನ ಮೇಲೆಯೇ ಅನುಮಾನ ಬಂತು. ದಿನಾ ಬೆಳಿಗ್ಗೆ ಬರುತ್ತಾನೆ, ಬೆನ್ನು ತೋರಿಸಿ ನಿಲ್ಲುತ್ತಾನೆ, ಹಾಡಿಸುತ್ತಾನೆ. ನನ್ನ ಬಕೆಟ್ಟಿನಿಂದಲೇ ಕದ್ದು ಹಾಡಿಸುತ್ತಿರಬೇಕು ಎಂದುಕೊಂಡು ಅವನು ಮಾರ್ಲಿಸಳಿಗೆ ದೂರು ಕೊಟ್ಟ. ಮಾರ್ಲಿಸ್ ನಮ್ಮೂರಿನ ಪೊಲೀಸ್ ಮುಖ್ಯಸ್ಥೆ, ಅವಳ ಕೈಕೆಳಗೆ ಅವಳ ಕಾರು ಒಂದೇ ಇದೆ.

"ಬಕೆಟ್ಟಲ್ಲಿ ಪಾವಲಿ ಕಡಿಮೆ ಆಗಿದ್ಯಾ?" ಎಂದು ಕೇಳಿದಳು ಅವಳು.

"ಇಲ್ಲ, ಜಾಸ್ತಿ ಆಗಿದೆ."

"ಕದ್ದರೆ ಕಡಿಮೆ ಆಗ್ಬೇಕಲ್ಲೋ. ಇದೆಂಥಾ ಕಳ್ಳತನ?"

"ಅದನ್ನೇ ಕಂಡುಹಿಡಿ ಅಂತಿರೋದು! ಸಂಬಳ ಯಾತಕ್ಕೆ ತಗೋತೀಯ?"

ಅದೇ ವಾರ ನಾನೂ, ಪಕ್ಕದ ಮನೆಯಲ್ಲಿ ಹಗಲೂ ರಾತ್ರಿ ಗೊರಗೊರ ಸದ್ದು, ನನ್ನ ಹಲ್ಲಿನ ಸೆಟ್ಟು ಲೋಟದಲ್ಲಿ ಕುಣಿಯುತ್ತಿದೆ ಎಂದು ಹೇಳಿದ್ದೆ. ಎರಡು ದೂರು ಸೇರಿದರೆ ಒಂದು ತನಿಖೆ. ಮಾರ್ಲಿಸ್ ನಾರ್ಬರ್ಟನ ನೆಲಮಾಳಿಗೆಗೆ ಇಳಿದಳು. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ನನಗೆ ಅಭಿನಯಿಸಿ ತೋರಿಸಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾರ್ಬರ್ಟ್. ಸಮವಸ್ತ್ರ ಕಂಡದ್ದೇ ಎರಡೂ ಕೈ ಅಗಲಿಸಿ ಯಂತ್ರಕ್ಕೆ ಅಡ್ಡ ನಿಂತ.

"ಏನದು ಹಿಂದೆ?"

"ಕಲ್ಲು."

"ಎಂಥಾ ಕಲ್ಲು?"

"ಉರುಟು ಕಲ್ಲು."

"ಈಗಾಗ್ಲೇ ಉರುಟಾಗಿದ್ರೆ ಮತ್ತ್ಯಾಕೆ ಉರುಳಿಸ್ತಿದೀಯ?"

ಮಾರ್ಲಿಸ್ ಮೋಟಾರು ನಿಲ್ಲಿಸಿ, ಪೀಪಾಯಿ ಬಿಚ್ಚಿ, ಬೂದುಬಣ್ಣದ ರಾಡಿಯಲ್ಲಿ ಕೈಯಿಟ್ಟು ಒಂದು ಹಿಡಿ ಮೇಲೆತ್ತಿದಳು. ಕೆಂಪು ಕೆಂಪು ಪಾವಲಿ. ಅವಳು ಮೆಟ್ಟಿಲ ಮೇಲೆ ಕೂತು ನಗಲು ಶುರುಮಾಡಿದವಳು ಟೋಪಿ ತೆಗೆದು ಮುಖಕ್ಕೆ ಗಾಳಿ ಹಾಕಿಕೊಳ್ಳಬೇಕಾಯಿತು.

"ಹಿಡ್ಕೊಂಡು ಹೋಗ್ತೀಯಾ?" ಎಂದ ನಾರ್ಬರ್ಟ್.

"ಹೆಕ್ಕಿದ್ದು ನಿಂದೇ. ದಡ್ಡತನಕ್ಕೆ ಜೈಲಿಲ್ಲ ಕಣೋ. ಇದ್ದಿದ್ರೆ ಈ ಊರಲ್ಲಿ ಬೀಗ ಹಾಕೋಕೆ ಯಾರೂ ಹೊರಗೆ ಉಳೀತಿರ್ಲಿಲ್ಲ."

"ಯಾರಿಗೂ ಹೇಳ್ಬೇಡ ಮಾರ್ಲಿಸ್. ನಿನ್ನ ದಮ್ಮಯ್ಯ."

ಅವಳು ಮಾತು ಕೊಟ್ಟಳು. ರೋಲಿಗೆ, "ಕಳ್ಳತನ ಏನೂ ಇಲ್ಲ, ಮೀನು ಕರಿ ಹೋಗು" ಎಂದಷ್ಟೇ ಹೇಳಿದಳು. ಆ ಪಾವಲಿಗಳು ಎಲ್ಲಿಗೆ ಹೋಗುತ್ತಿವೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ತಿಂಗಳ ಕೊನೆಯ ಶುಕ್ರವಾರ ಬಂತು. ಅಂಗಡಿ ತುಂಬಿ ತುಳುಕುತ್ತಿತ್ತು. ಡ್ವೇನ್ ಈ ಸಲ ಒಬ್ಬನೇ ಬರಲಿಲ್ಲ, ಎರಡು ಗಾಲಿಯ ತಳ್ಳುಗಾಡಿಯನ್ನೂ ಕಂಬಳಿಯನ್ನೂ ತಂದಿದ್ದ. ಎಲ್ಲರ ಕಣ್ಣೆದುರು ಪೆಟ್ಟಿಗೆಯ ಹೊಟ್ಟೆ ತೆರೆದ. ಕೆಂಪು ಜಲಪಾತ. ಬಾಚಿ ಬಾಚಿ ರೋಲಿಯ ಬಕೆಟ್ಟಿಗೆ ಹಾಕಿದ. ತಳದಲ್ಲಿ ಉಳಿದ ಒಂದೇ ಒಂದು ಬಿಳಿ ಪಾವಲಿಯನ್ನು ಎತ್ತಿ ಹಿಡಿದು, "ಇಡೀ ವಾರದ ಗಳಿಕೆ. ನಾಚಿಕೆ ಆಗ್ಬೇಕು" ಎಂದ. ಯಾರಿಗೆ ನಾಚಿಕೆಯಾಗಬೇಕು ಎಂದು ಹೇಳಲಿಲ್ಲ. ನಾವೆಲ್ಲ ಹಂಚಿಕೊಂಡೆವು.

ನಾರ್ಬರ್ಟನ ಬಾಯಿ ತೆರೆದೇ ಇತ್ತು. ಒಳಗೆ ಮೀನು ಹಾಗೆಯೇ ಇತ್ತು. ತಿಂಗಳಿಡೀ ತಿನ್ನಿಸಿದ್ದೇನೆ, ಹೊಟ್ಟೆ ಖಾಲಿ ಎನ್ನುತ್ತಾನಲ್ಲ ಎಂದು ಅವನು ಬಕೆಟ್ಟನ್ನೇ ನೋಡುತ್ತಿದ್ದ.

ಲವರ್ನ್ ಎದ್ದು ಬಂದಳು. "ಡ್ವೇನ್, ಒಂದ್ಸಲ ಕೇಳಿಸ್ಕೊಂಡು ಬಿಡ್ತೀನಿ. ಆಮೇಲೆ ತಗೊಂಡು ಹೋಗಪ್ಪ."

"ತಗೋ ತಾಯಿ, ನನ್ನ ಕಡೆಯಿಂದ," ಎಂದು ರೋಲಿ ಬಕೆಟ್ಟಿನಿಂದ ಒಂದು ಕೆಂಪು ಪಾವಲಿ ತೆಗೆದು ಅವಳ ಕೈಗಿಟ್ಟ.

ಅವಳು ಪೆಟ್ಟಿಗೆಯತ್ತ ನಡೆದಳು. ದೀಪದ ಕೆಳಗೆ ಬಂದಾಗ ನಿಂತಳು. ಪಾವಲಿಯನ್ನು ಕಣ್ಣಿನ ಹತ್ತಿರ ತಂದಳು, ಉಗುರಿನಿಂದ ಕೆರೆದಳು, ತಿರುಗಿಸಿ ನೋಡಿದಳು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ನಾರ್ಬರ್ಟ್. ಇದು ಸರೋವರದ ತಳದಲ್ಲಿ ಇರ್ಬೇಕಿತ್ತಲ್ವಾ?"

ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ನಾರ್ಬರ್ಟನದು. ಹೇಳಿದರೆ ಊರು ಸಾಯುವ ತನಕ ನಗುತ್ತದೆ, ಹೇಳದಿದ್ದರೆ ಎಮಿಲ್ ಕಂಬಳಿ ಸುತ್ತಿಕೊಂಡು ಮಿಲ್ವಾಕೀಗೆ ಹೋಗುತ್ತಾನೆ. ಅವನು ಬಾಯಲ್ಲಿದ್ದ ಮೀನನ್ನು ನುಂಗಿದ. ಎದ್ದು ನಿಂತ.

"ಅದು ನಂದು," ಎಂದ. "ಬಕೆಟ್ಟಲ್ಲಿರೋದು ಅಷ್ಟೂ ನಂದು. ಬಣ್ಣ ಬಳ್ದಿದ್ದಲ್ಲ. ಟಂಬ್ಲರಲ್ಲಿ ಹಾಕ್ದೆ, ತಾಮ್ರದ ಕಾಸು ಬೇರೆ ಮಾಡ್ಲಿಲ್ಲ, ಎಲ್ಲ ಕೆಂಪಾಗೋಯ್ತು. ಹೊಳಪೂ ಇಲ್ಲ, ಏನೂ ಇಲ್ಲ. ಪೆಟ್ಟಿಗೆ ಉಳೀಲಿ ಅಂತ ದಿನಾ ತಂದು ಹಾಕ್ದೆ. ನಗೋದಿದ್ರೆ ಈಗ್ಲೇ ನಕ್ಕುಬಿಡಿ."

ನಕ್ಕೆವು. ಸ್ವಾಮಿ, ಏನು ನಗು ಅದು! ಒಬ್ಬ ಕುರ್ಚಿಯಿಂದ ಬಿದ್ದ. ಇನ್ನೊಬ್ಬನ ಮೂಗಿನಿಂದ ಬಿಯರ್ ಬಂತು. ನಾನು ತಿಂಗಳಿಡೀ ಜೇಬಿನಲ್ಲಿಟ್ಟುಕೊಂಡಿದ್ದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡೆ. ನಗದೆ ಇದ್ದವರು ಮೂವರು: ನಾರ್ಬರ್ಟ್, ಲವರ್ನ್ ಮತ್ತು ಡ್ವೇನ್.

"ಚೆನ್ನಾಗಿದೆ ನಾಟಕ," ಎಂದ ಡ್ವೇನ್. "ಲೋಹ ತಾನಾಗೇ ಕೆಂಪಾಗತ್ತಾ? ಬಣ್ಣ ಬಳ್ದಿದ್ದು ಮನೇದು, ಬಳೀದೆ ಇರೋದು ಮಿಷಿನ್‌ದು. ರೂಲ್ ಅಂದ್ರೆ ರೂಲ್. ಇವು ಬಳ್ದಿದ್ದು."

"ನಾನು ಕಣ್ಣಾರೆ ನೋಡಿದೀನಿ," ಎಂದಳು ಮಾರ್ಲಿಸ್, ಬಾಯಿಯ ಸಾಸ್ ಒರೆಸಿಕೊಂಡು ಎದ್ದು. "ಪೀಪಾಯಿಯಿಂದ ಕೆಂಪಾಗೇ ಬಂದ್ವು. ಪೊಲೀಸ್ ಮಾತು."

"ಕಣ್ಣಿಗೆ ಕಂಡಿದ್ದೆಲ್ಲ ಕಂಪನಿ ಒಪ್ಪಲ್ಲ."

ಆಗ ಡಾರ್ಲಾ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಬಾಟಲಿ ತೆಗೆದು ಟಪ್ಪನೆ ಕಟ್ಟೆಯ ಮೇಲಿಟ್ಟಳು. ಉಗುರುಬಣ್ಣ ಅಳಿಸುವ ದ್ರವ. "ಬಣ್ಣ ನಂದು. ಅಳ್ಸೋದೂ ನಂದೇ. ಬಳ್ದಿದ್ರೆ ಹೋಗತ್ತೆ, ಇಲ್ದಿದ್ರೆ ಇಲ್ಲ. ಕಂಪನಿ ಒಪ್ಪತ್ತೋ?"

ಡ್ವೇನ್ ಯೋಚಿಸಿದ. ರೂಲಿನಲ್ಲಿ ಇದರ ವಿರುದ್ಧ ಏನೂ ಸಿಗಲಿಲ್ಲ. ಡಾರ್ಲಾ ಬ್ರ್ಯಾಂಡಿಯ ಸಣ್ಣ ಗ್ಲಾಸುಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಗುಟುಕು ಗುಟುಕು ಸುರಿದಳು. ಅವಳ ಹಳೆಯ ಮನೆ ಪಾವಲಿಯೊಂದನ್ನು ಅದ್ದಿ ಒರೆಸಿದರೆ ಬಣ್ಣ ಬಟ್ಟೆಗೆ ಬಂತು, ಪಾವಲಿ ಬೆಳ್ಳಗಾಯಿತು. ನಾರ್ಬರ್ಟನದನ್ನು ಅದ್ದಿದಳು, ಒರೆಸಿದಳು, ತಿಕ್ಕಿದಳು. ಕೆಂಪಿಗೆ ಕೆಂಪು. ಮೀನು ಬಿಟ್ಟು ಎದ್ದು ಬಂದ ಜನ ಸುತ್ತ ಮುತ್ತಿಕೊಂಡು ತಾವೂ ಒಂದೊಂದು ಪಾವಲಿ ಅದ್ದಿ ತಿಕ್ಕಲು ಕೂತರು. ಒಬ್ಬ ಅವಸರದಲ್ಲಿ ಬ್ರ್ಯಾಂಡಿ ಎಂದು ಗ್ಲಾಸೆತ್ತಿದ, ಅವನ ಹೆಂಡತಿ ತಲೆಗೆ ಮೊಟಕಿದಳು. "ಹೋಗಲ್ಲ!" "ಇದೂ ಹೋಗಲ್ಲ!" "ನೋಡ್ರಪ್ಪ, ನಾರ್ಬರ್ಟ್ ಮಾಡಿದ ಕೆಲಸ ಜನ್ಮದಲ್ಲಿ ಮೊದಲ ಸಲ ಗಟ್ಟಿಯಾಗಿ ಕೂತಿದೆ!" ಎಂದು ಕೂಗು.

ಬಕೆಟ್ಟಿನಲ್ಲಿ ಡಾರ್ಲಾಳ ಬಣ್ಣದ್ದು ಒಂದು ಹಿಡಿ ಸಿಕ್ಕಿತು. ಉಳಿದದ್ದೆಲ್ಲ ಪೆಟ್ಟಿಗೆಯ ನ್ಯಾಯವಾದ ಗಳಿಕೆ. ಎಣಿಸುತ್ತ ಕೂತರೆ ಮೀನು ಆರುತ್ತದೆ ಎಂದು ರೋಲಿ ಬಕೆಟ್ಟನ್ನು ಮೀನು ತೂಗು ಹಾಕುವ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ. ಮುಳ್ಳು ಗಿರ್ರನೆ ತಿರುಗಿ ಕೊನೆಗೆ ಹೋಗಿ ನಡುಗುತ್ತ ನಿಂತಿತು. ಆ ತಕ್ಕಡಿಯಲ್ಲಿ ಹಿಂದೆಂದೂ ಅಷ್ಟು ದೊಡ್ಡ ಮೀನು ತೂಗಿರಲಿಲ್ಲ. ಬಕೆಟ್ಟು ಪೂರ್ತಿ ತನ್ನದು ಎಂದುಕೊಂಡಿದ್ದ ರೋಲಿಯ ಮುಖ ಒಂದು ಗಳಿಗೆ ಬಾಡಿತು. ಅರ್ಧ ಹೇಗೂ ನಿನ್ನದೇ ಅಲ್ಲವೇನೋ ಎಂದು ಡಾರ್ಲಾ ತಿವಿದ ಮೇಲೆ ಅರಳಿತು. ಅಣ್ಣ ತಂಗಿ ಅಂದಿನಿಂದ ಮತ್ತೆ ಮಾತಿಗೆ ಬಿದ್ದರು.

ಡ್ವೇನ್ ಕಟ್ಟೆಯ ಮೇಲಿನ ಫೋನೆತ್ತಿ ಮೇಲಿನವರಿಗೆ ಕರೆ ಮಾಡಿದ. "ಹೌದು ಸಾರ್... ಬಳ್ದಿದ್ದಲ್ಲ ಸಾರ್... ಇಲ್ಲ ಸಾರ್, ನಾನು ಕುಡಿದಿಲ್ಲ... ತಕ್ಕಡೀಲಿ ಸಾರ್... ಮೀನಿನ ತಕ್ಕಡಿ." ಬಹಳ ಹೊತ್ತು ಕೇಳಿಸಿಕೊಂಡ. ಫೋನ್ ಇಟ್ಟು ಅಂಗಿ ಸರಿಮಾಡಿಕೊಂಡ.

"ಈ ಕಡೆಯ ಹೆಂಡದಂಗಡಿ ಅಷ್ಟರಲ್ಲೂ ಇಷ್ಟು ದುಡಿದ ಮಿಷಿನ್ ಇನ್ನೊಂದಿಲ್ವಂತೆ," ಎಂದ. "ಯಾಕೆ ಮುಟ್ಟೋಕೆ ಹೋದೆ ಅಂತ ನನ್ನನ್ನೇ ಬೈದ್ರು."

ಅಂಗಡಿಯ ಮಾಡು ಹಾರಿಹೋಗುವಂತೆ ಕೂಗು ಎದ್ದಿತು. ನಾಲ್ಕು ಜನ ನಾರ್ಬರ್ಟನನ್ನು ಎತ್ತಲು ಹೋದರು, ಅವನ ಜೇಬಿನ ಭಾರಕ್ಕೆ ಆಗದೆ ಇಳಿಸಿದರು. ತಳ್ಳುಗಾಡಿಯ ಮೇಲೆ ಪೆಟ್ಟಿಗೆಯ ಬದಲು ಅವನನ್ನೇ ಕೂರಿಸಿ, ಹೆಗಲಿಗೆ ಕಂಬಳಿ ಹೊದಿಸಿ, ಮೇಜುಗಳ ನಡುವೆ ಒಂದು ಸುತ್ತು ಮೆರವಣಿಗೆ ಮಾಡಿದರು. ತಳ್ಳಿದವನು ಡ್ವೇನ್. ನಗಲು ಅವನಿಗೆ ಅನುಮತಿ ಸಿಕ್ಕಿತ್ತೆಂದು ಕಾಣುತ್ತದೆ.

ಲವರ್ನ್ ಕೈಯಲ್ಲಿದ್ದ ಕೆಂಪು ಪಾವಲಿಯನ್ನು ಪೆಟ್ಟಿಗೆಗೆ ಹಾಕಿದಳು. ಎಮಿಲ್ ಕೂಗಿದ, ಕನ್ಸರ್ಟಿನಾ ಎದ್ದಿತು. ಇಷ್ಟು ವರ್ಷ ನಿಂತು ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದ ಅವಳು ಅಂದು ನೇರ ಬಂದು ಗಂಡನನ್ನು ಗಾಡಿಯಿಂದ ಎಳೆದು ಕುಣಿಯಲು ನಿಂತಳು. ನಾರ್ಬರ್ಟನಿಗೆ ಕುಣಿಯಲು ಬರುವುದಿಲ್ಲ. ಅವಳ ಕಾಲು ತುಳಿದ, ನನ್ನದನ್ನೂ ತುಳಿದ, ಕಂಬಳಿ ಸಿಕ್ಕಿಕೊಂಡು ಎಡವಿದ. ಅವಳು ಬಿಡಲಿಲ್ಲ. ಸುತ್ತುತ್ತ ಸುತ್ತುತ್ತ ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. ಪಕ್ಕದಲ್ಲೇ ಇದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಮ್ಮಪ್ಪ ಸಾಯೋ ತನಕ ನಿನ್ನ ದಡ್ಡ ಅಂತಿದ್ದ ಕಣೋ. ಇವತ್ತು ಆ ಬಾಯಿ ಈ ಊರಲ್ಲಿ ಉಳಿದಿದ್ರೆ ಅದು ಆ ದಡ್ಡನಿಂದಲೇ."

"ಏನಂದೆ?" ಎಂದು ನಾರ್ಬರ್ಟ್ ಕಿರುಚಿದ. "ಮಾವನ ಗದ್ದಲದಲ್ಲಿ ಏನೂ ಕೇಳಿಸ್ಲಿಲ್ಲ!"

ಲವರ್ನ್ ತಲೆ ಹಿಂದಕ್ಕೆಸೆದು ನಕ್ಕಳು.

"ಇನ್ನೊಂದು ಪಾವಲಿ ಇದ್ಯಾ ಅಂದೆ!"